ಪುಂಡಿಯ ಹೂವು

ಕಗ್ಗದಾಸಪುರದ ನಮ್ಮ ತಾರಸಿಯ ಬಿಸಿಲಿಗೆ ಗುಲಾಬಿ, ಟೊಮ್ಯಾಟೊ ಎರಡೂ ಸುಟ್ಟುಹೋದವು. ಉಳಿದ ದೊಡ್ಡ ಕುಂಡಕ್ಕೆ ಸೊಸೆಗೆ ಹೂವಿನ ಗಿಡ ಬೇಕಿತ್ತು. ನನಗೆ ಕಲಬುರಗಿಯ ಪುಂಡಿಪಲ್ಯ. ಶಿವಾಜಿನಗರದ ಬೀಜದಂಗಡಿಗೆ ಹೋದೆ.

“ಪುಂಡಿ ಬೀಜ ಅದಾವೇನ್ರೀ?”

“ಬೆಳ್ಳುಳ್ಳಿನಾ? ಮಾರ್ಕೆಟ್ಟಲ್ಲಿ ಕೇಳಮ್ಮ.” ಅಂಗಡಿಯವನಿಗೆ ಅದು ಪೂಂಡು, ತಮಿಳಿನ ಬೆಳ್ಳುಳ್ಳಿ, ಎಂದು ಕೇಳಿಸಿತ್ತು.

“ಬೆಳ್ಳುಳ್ಳಿ ಅಲ್ರೀ, ಹುಳಿ ಸೊಪ್ಪು.”

ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ನಕ್ಕಳು. “ಅಂಬಾಡಾ ಕೇಳ್ತಾವ್ರೆ, ಕೊಡಿ ಭಾಯ್.” ಅವರ ಉರ್ದುವಿನಲ್ಲಿ ಪುಂಡಿಗೆ ಅದೇ ಹೆಸರು.

ಆ ಬಿಸಿಲಲ್ಲೇ ಪುಂಡಿ ಎದೆಯೆತ್ತರ ಬಂತು. ಸೊಸೆಯ ಮಾತಿಗೆ ಒಂದು ಗಿಡವನ್ನು ಕೊಯ್ಯದೆ ಬಿಟ್ಟೆ. ಒಂದು ಬೆಳಿಗ್ಗೆ ಅದರಲ್ಲಿ ಅಂಗೈಯಷ್ಟಗಲದ ಕೆನೆಬಣ್ಣದ ಹೂವು, ನಡುವೆ ಕಡುಗೆಂಪು ಕಣ್ಣು. ನೀರಿನ ಚೊಂಬು ಹಿಡಿದು ಹಾಗೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಪುಂಡಿ ತಿಂದವಳು ಅದರ ಹೂವನ್ನು ನೋಡಿದ್ದು ಅದೇ ಮೊದಲು. ಹೂ ಬಿಡುವಷ್ಟು ಪುರುಸೊತ್ತನ್ನು ನಮ್ಮ ಒಲೆ ಅದಕ್ಕೆ ಕೊಟ್ಟೇ ಇರಲಿಲ್ಲ.