ತಾತ ನುಡಿಸದ ಕಾನ್ಸರ್ಟಿನಾ

ಚುಂಚನಕಟ್ಟೆ ಹತ್ತಿರದ ನಮ್ಮೂರಿನ ರಾಮಮಂದಿರದ ಗೋಡೆಯಲ್ಲಿ ಒಂದು ಕಪ್ಪು ಕಲ್ಲಿದೆ. ಅದರ ಮೇಲೆ ಕೆತ್ತಿರುವುದೆಲ್ಲ ಸುಳ್ಳು. ಬರೆದುಕೊಟ್ಟವಳು ನಾನೇ. ಹುಣಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳೆಂದು ಊರಿನಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲವನ್ನೂ ನನ್ನ ಕೈಲೇ ಬರೆಸುತ್ತಾರೆ. ನಾನೂ ಉಬ್ಬಿಕೊಂಡು ಬರೆದುಕೊಡುತ್ತೇನೆ.

ತಾತನ ಕಾನ್ಸರ್ಟಿನಾವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಂದಿರಕ್ಕೆ ಕೊಡೋಣ ಎಂದವನು ನಮ್ಮಣ್ಣ. ಕಾನ್ಸರ್ಟಿನಾ ಹಾರ್ಮೋನಿಯಂನ ದೂರದ ನೆಂಟ. ಎರಡು ಬದಿಗೆ ಮರದ ಹಲಗೆ, ನಡುವೆ ಮಡಿಕೆ ಮಡಿಕೆಯಾದ ತೊಗಲಿನ ತಿದಿ. ಎರಡೂ ಕೈಗಳನ್ನು ಪಟ್ಟಿಯೊಳಗೆ ತೂರಿಸಿ, ಎಳೆಯುತ್ತ ಒತ್ತುತ್ತ, ಹಲಗೆ ಮೇಲಿನ ಗುಂಡಿಗಳನ್ನು ಅದುಮಿದರೆ ನಾದ ಬರುತ್ತದೆ. ನಮ್ಮದು ದೊಡ್ಡದು, ಮಡಿಲಲ್ಲಿಟ್ಟುಕೊಂಡರೆ ಮಡಿಲು ತುಂಬುತ್ತದೆ. ತಾತನ ಹಾಡಿಗೆ ಮೆಚ್ಚಿ ಕಾಫಿ ತೋಟದ ಬಿಳಿ ದೊರೆ ಇದನ್ನು ಉಡುಗೊರೆ ಕೊಟ್ಟನಂತೆ. ತಾತ ಧನುರ್ಮಾಸದ ಭಜನೆಗೆ ನುಡಿಸುತ್ತಿದ್ದನಂತೆ. ಆಮೇಲೆ ಆಲೆಮನೆಯ ಗಾಣಕ್ಕೆ ಬೆರಳು ಸಿಕ್ಕಿ ಸಂಗೀತವನ್ನೇ ಬಿಟ್ಟನಂತೆ. ಇಷ್ಟನ್ನೂ ನಾನು ಕಣ್ಣೀರು ಬರುವ ಹಾಗೆ ಬರೆದಿದ್ದೆ.

ಬರೆದದ್ದು ಕಲ್ಲು ಕೆತ್ತುವವನ ಕೈಗೆ ಹೋದ ಮೇಲೆ ಕಾನ್ಸರ್ಟಿನಾ ಪೆಟ್ಟಿಗೆಯನ್ನು ಮೈಸೂರಿನ ಹಾರ್ಮೋನಿಯಂ ರಿಪೇರಿಯವರ ಹತ್ತಿರ ಒಯ್ದೆ. ಅವರು ತಿದಿಗೊಂದು ತೇಪೆ ಹಾಕಿ, ಒಂದು ಸಲ ಎಳೆದು ನೋಡಿ, ಒಳಗೆ ಸ್ವರ ಹೊರಡಿಸುವ ರೀಡುಗಳೆಲ್ಲ ಗಟ್ಟಿಯಾಗಿವೆ ಎಂದರು. ಆಮೇಲೆ ಕನ್ನಡಕ ಏರಿಸಿಕೊಂಡು ಕೇಳಿದರು:

"ಇದನ್ನ ನುಡಿಸ್ತಿದ್ದೋರು ಹೆಂಗಸರಲ್ವಾ ಅಮ್ಮಾ?"

"ಇಲ್ಲ, ನಮ್ಮ ತಾತ."

"ನಿಮ್ಮ ತಾತ ಬಳೆ ಹಾಕ್ಕೋತಿದ್ರಾ? ಎರಡೂ ಕಡೆ ಮರದ ಮೇಲೆ ಗೀರು ನೋಡಿ, ಮಣಿಕಟ್ಟು ಬರೋ ಜಾಗದಲ್ಲೇ ಇದೆ. ಕೈಪಟ್ಟಿಗೂ ಒಳಗಡೆ ಇನ್ನೊಂದು ತೂತು ಹೊಡೆಸಿದಾರೆ. ಸಣ್ಣ ಕೈ."

ಊರಿಗೆ ಬಂದು ಅಣ್ಣನಿಗೆ ತೋರಿಸಿದೆ. "ಮಕ್ಳು ಆಟ ಆಡಿರ್ತವೆ ಬುಡು" ಎಂದು ಪೆಟ್ಟಿಗೆ ಎತ್ತಿಟ್ಟುಕೊಂಡ. ನನಗೆ ನಿದ್ದೆ ಹತ್ತಲಿಲ್ಲ. ಮರುದಿನವೇ ಕೆ.ಆರ್. ನಗರಕ್ಕೆ ಹೋಗಿ ಸಾಲಿಗ್ರಾಮದ ಬಸ್ಸು ಹಿಡಿದೆ. ಅಲ್ಲಿ ನಮ್ಮ ಸೋದರತ್ತೆ, ಅಂದರೆ ತಾತನ ಮಗಳು, ಮಗ ಸೊಸೆಯ ಜೊತೆ ಇದ್ದಾಳೆ. ವಯಸ್ಸು ಎಂಬತ್ತೈದು ದಾಟಿದೆ. ನಾನು ಹೋದಾಗ ನೆನೆಹಾಕಿದ ಅವರೆಕಾಳು ಹಿಸುಕುತ್ತ ಕೂತಿದ್ದಳು.

"ಅತ್ತೆ, ತಾತ ಆ ಪೆಟ್ಟಿಗೆ ಚೆನ್ನಾಗಿ ನುಡಿಸ್ತಿದ್ನಾ?"

"ನಮ್ಮಪ್ಪನಾ? ನಮ್ಮಪ್ಪಂಗೆ ಮಂಗ್ಳಾರತಿಗೆ ಗಂಟೆ ಒಡ್ಯಾಕೂ ತಾಳ ಸಿಕ್ತಿರ್ನಿಲ್ಲ."

"ಮತ್ತೆ ದೊರೆ ಉಡುಗೊರೆ ಕೊಟ್ಟಿದ್ದು?"

"ಯಾವ ದೊರೆನೂ ಇಲ್ಲ ಗಿರೆನೂ ಇಲ್ಲ. ಊರು ಬುಟ್ಟೋಗೋ ಬಿಳಿಯೋನ ಮನೆ ಸಾಮಾನ್ನ ಪಿರಿಯಾಪಟ್ಣದ ತಾವ ಅರಾಜು ಆಕಿದ್ರು. ಅಪ್ಪ ಮಂಚಕ್ಕೆ ಕೂಗ್ದ. ಮಂಚದ ಜತೆಗೆ ಇದೂ ಬಂತು. ಬಾರುಸ್ತಿದ್ದೋಳು ನಾನು ಕಣವ್ವ."

ಸಾರಿಗೆ ಉಪ್ಪು ಹಾಕಿದವಳು ನಾನು ಎನ್ನುವ ಹಾಗೆ ಹೇಳಿದಳು.

ಭಜನೆ ಕೇಳಿ ಕೇಳಿ ತಾನೇ ಕಲಿತಳಂತೆ. ಧನುರ್ಮಾಸದ ಬೆಳಗಿನ ಜಾವ ಮಂದಿರದ ಬಾಗಿಲ ಮರೆಯಲ್ಲಿ ಕೂತು ನುಡಿಸುತ್ತಿದ್ದಳಂತೆ. ಊರಿಗೆಲ್ಲ ಗೊತ್ತಿತ್ತು, ಯಾರೂ ಬೇಡ ಎಂದಿರಲಿಲ್ಲ. ಹದಿನಾರಕ್ಕೆ ಸಾಲಿಗ್ರಾಮದವರು ಹೆಣ್ಣು ನೋಡಲು ಬಂದರು. ಮೂಲೆಯಲ್ಲಿದ್ದ ಪೆಟ್ಟಿಗೆ ಕಂಡು, ಇದನ್ನು ನುಡಿಸುವವರು ಯಾರು ಎಂದು ಕೇಳಿದರು. ಹುಡುಗಿ ಎಂದರೆ ನಾಟಕದ ಕಂಪನಿಯವಳು ಅಂದುಕೊಂಡಾರು ಎಂದು ತಾತ "ನಾನೇ" ಅಂದುಬಿಟ್ಟ. ಹಾಗಾದರೆ ಒಂದು ಹಾಡು ಆಗಲಿ ಎಂದರು ಅವರು. ತಾತ ಒಳಗೆ ಹೋಗಿ ಬೆರಳಿಗೆ ಬಟ್ಟೆ ಸುತ್ತಿಸಿಕೊಂಡು ಬಂದು, ಗಾಣಕ್ಕೆ ಸಿಕ್ಕಿತು ಎಂದ.

"ಬೀಗ್ರು ಬಂದಾಗ್ಲೆಲ್ಲ ಬಟ್ಟೆ ಸುತ್ಕೋತಿದ್ದ. ನಮ್ಮಾವ ಸಾಯೋಗಂಟ ಆ ಬೆಳ್ಳು ವಾಸಿನೇ ಆಗ್ನಿಲ್ಲ" ಎಂದು ಅತ್ತೆ ನಕ್ಕಳು.

ನನಗೆ ನಗು ಬರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ಒಪ್ಪಿದೆ. ಮದುವೆಯಾಯಿತಲ್ಲ, ಮಕ್ಕಳೂ ಮೊಮ್ಮಕ್ಕಳೂ ಆದರಲ್ಲ, ಆಮೇಲೆ ಯಾವನಾದರೂ ಬಾಯಿಬಿಟ್ಟು ನಿಜ ಹೇಳಬಹುದಿತ್ತಲ್ಲ! ಹುಡುಗಿಯ ಬಾಳು ಹಾಳಾಗದಿರಲಿ ಎಂದು ಊರಿನವರೆಲ್ಲ ಗುಟ್ಟು ಕಾಪಾಡಿದರು, ಕಾಪಾಡಿಕೊಂಡೇ ಸತ್ತರು. ಹಿಂದೆ ಉಳಿದ ನಾವು ಆ ಸುಳ್ಳಿಗೇ ಹೂವು ಮುಡಿಸಿದೆವು. ತಾತ ನನ್ನ ಕಿವಿ ಹಿಂಡುತ್ತಿದ್ದದ್ದು ಅದೇ ಬೆರಳಲ್ಲಿ. ಹತ್ತು ಬೆರಳೂ ನೆಟ್ಟಗಿದ್ದದ್ದನ್ನು ಕಣ್ಣಾರೆ ಕಂಡವಳು ನಾನು, ಆದರೂ ಗಾಣಕ್ಕೆ ಸಿಕ್ಕಿತೆಂದು ಬರೆದೆ. ನನಗಿಂತ ದಡ್ಡಿ ಇನ್ನೊಬ್ಬಳಿಲ್ಲ.

"ನೀನ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಅತ್ತೆ ಮಾವ ಇರೋಗಂಟ ಬಯ. ಆಮ್ಯಾಕೆ ಯಾರು ಕೇಳುದ್ರು? ನೀನೇ ಮೊದ್ಲು ಕೇಳ್ತಿರಾದು." ಕಾಳು ಹಿಸುಕುವುದನ್ನು ನಿಲ್ಲಿಸಿದಳು. "ಇನ್ನೂ ಸದ್ದು ಬತ್ತದಾ ಅದ್ರಲ್ಲಿ?"

ಬರುತ್ತದೆ ಎಂದೆ. ರಾಮನವಮಿಯ ದಿನ ಮಂದಿರದಲ್ಲಿ ನೀನೇ ನುಡಿಸು, ಕಲ್ಲಿಗೂ ನಿನ್ನ ಹೆಸರೇ ಹಾಕಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಅಣ್ಣ ಸಿಡಿದುಬಿದ್ದ. "ಕಲ್ಲು ಕೆತ್ತಿ ಆಗೋಗದೆ. ನಮ್ಮ ತಾತ ಸುಳ್ಳ ಅಂತ ಊರೆಲ್ಲ ಡಂಗೂರ ಒಡೀಬೇಕಾ? ಮರ್ವಾದೆ ಬ್ಯಾಡ್ವಾ?" ಯಾರ ಮರ್ಯಾದೆ ಎಂದು ಕೇಳಿದೆ. ರಾಮನವಮಿಯವರೆಗೆ ನಮ್ಮಿಬ್ಬರಿಗೆ ಮಾತಿರಲಿಲ್ಲ.

ಆ ದಿನ ಮಂದಿರಕ್ಕೆ ಹೋಗಿ ಗಾಜಿನ ಪೆಟ್ಟಿಗೆ ನೋಡಿದವಳಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ಕಾನ್ಸರ್ಟಿನಾದ ಮರಕ್ಕೆ ಫಳಫಳ ಹೊಳೆಯುವ ವಾರ್ನಿಷ್ ಬಳಿಸಿದ್ದ. ಬಳೆಯ ಗೀರುಗಳೆಲ್ಲ ಮುಚ್ಚಿಹೋಗಿದ್ದವು. ಗುಂಡಿಗಳಿಗೆ ಚಿನ್ನದ ಬಣ್ಣ ಹೊಡೆಸಿದ್ದ. ಮಕ್ಕಳು ಎಳೆದಾಡಬಾರದೆಂದು ತಿದಿಯ ಮಡಿಕೆಗಳಿಗೆ ಗೋಂದು ಹಾಕಿ ಅಂಟಿಸಿಬಿಟ್ಟಿದ್ದ.

ಅತ್ತೆ ಮೊಮ್ಮಗನ ಆಟೋದಲ್ಲಿ ಬಂದಿಳಿದಳು. ನೆಟ್ಟಗೆ ಗಾಜಿನ ಮುಂದೆ ಹೋಗಿ "ಬಾಗ್ಲು ತಗಿ ಮಗ" ಎಂದಳು. ಹಿರಿಯಳ ಮಾತು ಮೀರಲಾರದೆ ಅಣ್ಣ ಬೀಗ ತೆಗೆದ. ಅವಳು ಕಂಬಕ್ಕೊರಗಿ ಕೂತು, ಅದನ್ನು ಮಡಿಲಲ್ಲಿಟ್ಟುಕೊಂಡು, ಕೈಗಳನ್ನು ಪಟ್ಟಿಗೆ ತೂರಿಸಿದಳು. ಎಳೆದಳು. ಬರಲಿಲ್ಲ. ಗುಂಡಿ ಅದುಮಿದಳು. ಬಣ್ಣ ಒಣಗಿ ಗುಂಡಿಗಳೆಲ್ಲ ಕಚ್ಚಿಕೊಂಡಿದ್ದವು.

ಅಷ್ಟರಲ್ಲಿ ಮೈಕಿನಲ್ಲಿ ಯಾರೋ ನಾನು ಬರೆದದ್ದನ್ನೇ ಓದತೊಡಗಿದರು. ಗಾಣಕ್ಕೆ ಬೆರಳು ಸಿಕ್ಕಿದ ಸಾಲು ಬಂದಾಗ ನನಗೆ ತಡೆಯಲಾಗಲಿಲ್ಲ. ಮೈಕ್ ಕಿತ್ತುಕೊಂಡೆ.

"ಇದನ್ನು ಬರೆದವಳು ನಾನು. ಪೂರಾ ಸುಳ್ಳು ಬರೆದಿದ್ದೇನೆ. ನಮ್ಮ ತಾತ ಇದನ್ನು ಒಂದು ದಿನವೂ ನುಡಿಸಿಲ್ಲ. ನುಡಿಸುತ್ತಿದ್ದವಳು ಅಗೋ, ಅಲ್ಲಿ ಕೂತಿದ್ದಾಳೆ."

ಪಾನಕ ಹಂಚುತ್ತಿದ್ದವರು ಹಾಗೇ ನಿಂತರು. ಅಣ್ಣ ತಲೆ ತಗ್ಗಿಸಿದ. ಗೆದ್ದೆ ಎಂದುಕೊಂಡು ಅತ್ತೆಯ ಹತ್ತಿರ ಹೋದೆ. ಅವಳು ನನ್ನ ಮಾತು ಕೇಳಿಸಿಕೊಂಡಂತೆಯೇ ಇರಲಿಲ್ಲ. ಉಗುರಿನಿಂದ ಒಂದು ಗುಂಡಿಯ ಸುತ್ತ ಬಣ್ಣ ಕೆರೆಯುತ್ತಿದ್ದಳು.

"ಕಲ್ಲಲ್ಲಿ ಯಾರೆಸ್ರಾರ ಇರ್ಲಿ ಬುಡವ್ವ" ಎಂದಳು. "ಇದೊಂದು ಗುಂಡಿನಾರ ಬುಡಿಸ್ಕೊಡು."