ಲೋಟದಲ್ಲಿ ಉಳಿದ ನೀರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಕ್ಕಳ ಆಸ್ಪತ್ರೆಯ ಮೂಲೆಕೋಣೆಯಲ್ಲಿ ಒಬ್ಬಾಕೆ ಅಂಗೈ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾಳೆ. ತಣ್ಣನೆ ಕೈ ತಾಕಿದರೆ ಮಗು ಸೂಜಿಗೂ ಮೊದಲೇ ಅಳುತ್ತದೆ. ಮೇಜಿನ ಮೇಲೆ ಹತ್ತಿ, ಬಣ್ಣದ ಮುಚ್ಚಳದ ಟ್ಯೂಬುಗಳು. ಪಕ್ಕದಲ್ಲಿ ಹೂಜಿ ನೀರು, ಸ್ಟೀಲ್ ಲೋಟ. ದಿನಕ್ಕೆ ಮೂವತ್ತು ನಲವತ್ತು ಪುಟ್ಟ ಕೈಗಳಿಂದ ರಕ್ತ ತೆಗೆಯುವ ಈಕೆ ಮಕ್ಕಳ ಬಾಯಲ್ಲಿ ಸೂಜಿಯತ್ತೆ.

ಇವತ್ತಿನ ಮೊದಲ ಹುಡುಗನಿಗೆ ಐದು ವರ್ಷ. ಅಕ್ಕನಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಇವನ ರಕ್ತವನ್ನೂ ನೋಡೋಣ ಎಂದಿದ್ದಾರೆ ಡಾಕ್ಟರು. ಅವನ ತಾಯಿ ಹೊಸಿಲು ದಾಟುತ್ತಿಲ್ಲ.

"ಚೆನ್ನಾಗಿ ಆಡ್ಕೊಂಡಿದಾನೆ. ಬೀದೀಲಿ ಹೋಗೋ ಮಾರೀನ ಮನೆಗೆ ಯಾಕಕ್ಕ ಕರೀಬೇಕು?"

"ಬೇಲೀನೇ ಎದ್ದು ಹೊಲ ಮೇಯ್ತು ಅಂತಾರಲ್ಲ ತಾಯಿ, ಇದೂ ಹಾಗೇ. ಮೈ ಕಾಯ್ಬೇಕಾದ ಶಕ್ತೀನೇ ಮೈ ಮೇಲೆ ತಿರುಗಿ ಬೀಳುತ್ತೆ. ಸಕ್ಕರೆ ಏರೋಕೆ ಎಷ್ಟೋ ಮೊದ್ಲೇ ರಕ್ತದಲ್ಲಿ ಅದರ ಗುರುತು ಸಿಗುತ್ತೆ. ಹೊಲ ಬೋಳಾದ್ಮೇಲೆ ನೋಡಿ ಏನು ಬಂತು?"

"ಇದೆ ಅಂತ ಬಂದ್ರೆ ತಡೆಯೋಕಾಗುತ್ತಾ?"

"ಪೂರ್ತಿ ಆಗಲ್ಲ. ಆದ್ರೆ ಬಾಗಿಲು ತಟ್ಟಿದಾಗ ಯಾರು ಅಂತ ಗೊತ್ತಿರುತ್ತೆ."

ಸೂಜಿಯತ್ತೆಯ ಬಾಗಿಲನ್ನೇ ಅದು ತಟ್ಟಿದಾಗ ಯಾರಿಗೂ ಗೊತ್ತಾಗಿರಲಿಲ್ಲ. ಆರು ವರ್ಷದ ಮೊದಲ ಮಗಳು ಸೊರಗುತ್ತಿದ್ದಳು, ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಮನೆಮಂದಿಗೆಲ್ಲ ನಗು. "ಬಾವಿ ಬತ್ತಿಸ್ತಾಳೆ ಕಣ್ರೋ ಇವಳು," ಅಂದ ತಾತ. ಅಪ್ಪ 'ಮೀನು' ಎಂದು ಹೆಸರಿಟ್ಟ. ಹಾಸಿಗೆ ಒದ್ದೆಯಾದರೆ, "ಮೀನಲ್ವಾ, ಒಣನೆಲದಲ್ಲಿ ಮಲಗುತ್ತಾ?" ಎಂದು ಮತ್ತೆ ನಗು. ಮಗಳೂ ನಗುತ್ತಿದ್ದಳು. ಆಮೇಲೆ ವಾಂತಿ, ಏದುಸಿರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು.

"ಹೆಸರಿಟ್ಟೋರನ್ನ ಬೈಯೋಕೂ ಆಗಲ್ಲ," ಎನ್ನುತ್ತಾಳೆ. "ಪ್ರೀತೀಲಿ ಇಟ್ಟಿದ್ದು."

ಆ ದುಃಖದಲ್ಲೇ ಈ ಕೆಲಸ ಕಲಿತಳು. ಕಿರಿಯ ಮಗನ ರಕ್ತದಲ್ಲಿ ಅಂಥ ಎರಡು ಗುರುತು ಸಿಕ್ಕಾಗ ಗೋಡೆಗೆ ತಲೆಯಿಟ್ಟು ಅತ್ತಳಂತೆ. ಅಲ್ಲಿಂದ ಆಗಾಗ ಅವನ ಸಕ್ಕರೆ ನೋಡಿಸುತ್ತಲೇ ಬಂದಳು. ಕಾಯಿಲೆ ಬಂದೇ ಬಂತು. "ಆದ್ರೆ ಅವನು ನಡ್ಕೊಂಡೇ ಆಸ್ಪತ್ರೆಗೆ ಬಂದ. ಅವಳನ್ನ ಎತ್ಕೊಂಡು ಬಂದಿದ್ವಿ." ಹತ್ತಿ ಬಿಡಿಸುತ್ತಾ, "ಈಗ ನನಗಿಂತ ನಯವಾಗಿ ಇನ್ಸುಲಿನ್ ಚುಚ್ಕೋತಾನೆ. ನನ್ನ ಕೆಲಸಕ್ಕೇ ಕುತ್ತು!"

ತಾಯಿ ಕೊನೆಗೂ ಒಳಗೆ ಬಂದು ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ.

"ನೋವಾಗುತ್ತಾ?"

"ಆಗುತ್ತಪ್ಪ. ಬೇಗ ಹೋಗುತ್ತೆ. ಬೇಕಾದ್ರೆ ನನ್ನ ಬೈಕೋ."

"ಕೋತಿ!"

"ಅಷ್ಟೇನಾ?"

"ದೊಡ್ಡ ಕೋತಿ! ಬಾಲದ ಕೋತಿ!" ಟ್ಯೂಬು ತುಂಬಿದೆ.

ಹತ್ತಿ ಒತ್ತಿ, ಸೂಜಿಯತ್ತೆ ಲೋಟಕ್ಕೆ ನೀರು ಬಗ್ಗಿಸಿ ಕೊಡುತ್ತಾಳೆ. ಬಂದ ಮಕ್ಕಳಿಗೆಲ್ಲ ಕೊಡುತ್ತಾಳೆ. ಉಪಚಾರ ಅಂದುಕೊಳ್ಳುತ್ತಾರೆ ಹೆತ್ತವರು. ಅವಳ ಕಣ್ಣು ಮಾತ್ರ ಮಗುವಿನ ಗಂಟಲ ಮೇಲೆ. ರಕ್ತದ ಫಲಿತಾಂಶ ಏನೋ, ಬರಲು ಇನ್ನೂ ದಿನಗಳಿವೆ. ಲೋಟ ನೋಡಿ ಅದನ್ನು ಹೇಳಲಾಗದು ಎಂದು ಅವಳಿಗೂ ಗೊತ್ತು. ಆದರೂ ನೋಡುತ್ತಾಳೆ.

ಹುಡುಗ ಎರಡು ಗುಟುಕು ಕುಡಿದು, ಲೋಟ ಕುಕ್ಕಿ, ಬಾಗಿಲಿಗೆ ಓಡುತ್ತಾನೆ.

"ಏಯ್, ಪೂರ್ತಿ ಕುಡಿಯೋ! ಕೊಟ್ಟಿದ್ದನ್ನ ಚೆಲ್ತಾರಾ?" ತಾಯಿ ಗದರುತ್ತಾಳೆ.

"ಇರಲಿ ಬಿಡಮ್ಮ," ಸೂಜಿಯತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. "ಉಳಿಸಲಿ. ನೀರು ಉಳಿಸೋ ಮಕ್ಕಳನ್ನ ಕಂಡ್ರೆ ನಂಗಿಷ್ಟ."