ಕೆಂಪು ಬಿಲ್ಲೆ

ಅಂಟಾರ್ಕ್ಟಿಕಾದ ಹಿಮಗಾಳಿಯಲ್ಲಿ ನಾನು ದಾರಿ ತಪ್ಪಿದ ಕತೆಯನ್ನು ದುಬೈಯಲ್ಲಿ ಮೊದಲ ಸಲ ಹೇಳಿದಾಗ ಹತ್ತು ಅಡಿ ದೂರದವರೆಗೆ ಕಣ್ಣು ಕಾಣುತ್ತಿತ್ತು. ಬನಿಯಾಸ್‌ನಲ್ಲಿ ಹೇಳುವ ಹೊತ್ತಿಗೆ ಅದು ಒಂದು ಮಾರು ದೂರಕ್ಕೆ ಇಳಿದಿತ್ತು. ಕಳೆದ ತಿಂಗಳು ಖಾಲಿದಿಯಾದ ಸಭಾಂಗಣದಲ್ಲಿ ನನ್ನ ಕೈ ನನಗೇ ಕಾಣಲಿಲ್ಲ.

ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರದಲ್ಲಿ ಒಂದು ಚಳಿಗಾಲ ಹವಾಮಾನದ ಉಪಕರಣಗಳನ್ನು ನೋಡಿಕೊಂಡವನು ನಾನು. ಈಗ ಅಬುಧಾಬಿಯ ಕಟ್ಟಡಗಳನ್ನು ತಣ್ಣಗಿಡುವ ಕೆಲಸ. ಅಂದು ಸಭಿಕರು ಏಸಿಯ ಚಳಿಗೆ ಶಾಲು ಹೊದ್ದುಕೊಂಡು ನನ್ನ ಧೈರ್ಯವನ್ನು ಮೆಚ್ಚುತ್ತಿದ್ದರು. ಹನ್ನೆರಡು ವರ್ಷದ ಮಗಳು ಮೊದಲ ಸಲ ಕೇಳಲು ಬಂದಿದ್ದಳು. ಏಸಿ ಕೆಟ್ಟಾಗ ಜನ ಬೈಯಲು ಫೋನ್ ಮಾಡುವ ವ್ಯಕ್ತಿ ಎಂದಷ್ಟೇ ನನ್ನನ್ನು ಬಲ್ಲವಳು. ಅವಳ ಕಣ್ಣಲ್ಲಿ ಒಂದು ಸಂಜೆಯ ಮಟ್ಟಿಗಾದರೂ ದೊಡ್ಡವನಾಗಬೇಕೆಂಬುದು ನನ್ನ ಆಸೆ.

ಭಾಷಣ ಮುಗಿದ ಮೇಲೆ ಪ್ರಶ್ನೆಗಳು ಬಂದವು.

"ಅಲ್ಲಿ ಫ್ಯಾಮಿಲಿ ವೀಸಾ ಕೊಡ್ತಾರಾ ಸರ್?"

"ಪೆಂಗ್ವಿನ್ ತಿನ್ಲಿಕ್ಕೆ ಆಗ್ತದಾ?"

ಆಮೇಲೆ ಹಿಂದಿನ ಸಾಲಿನಿಂದ ನರೆಗೂದಲಿನ ಒಬ್ಬರು ಎದ್ದರು. ಆ ಚಳಿಗಾಲ ನಮಗೆಲ್ಲ ಅಡುಗೆ ಮಾಡಿ ಹಾಕಿದ ಮಂಗಳೂರಿನವರು. ಈಗ ಮದೀನತ್ ಜಾಯೆದ್‌ನ ಒಂದು ಮೆಸ್ಸಿನಲ್ಲಿದ್ದಾರೆಂದು ನನಗೆ ಆಮೇಲೆ ತಿಳಿಯಿತು.

"ಸರ್, ಬೋರ್ಡಿನಲ್ಲಿ ನಿಮ್ಮ ಬಿಲ್ಲೆ ಯಾವ ಬಣ್ಣ ಇತ್ತು?"

"ಕೆಂಪು," ಎಂದೆ.

"ಹಾಂ, ಕೆಂಪು," ಎಂದು ಅವರು ಕೂತರು. ಸಭೆ ಯಾಕೋ ಚಪ್ಪಾಳೆ ತಟ್ಟಿತು.

ಕೇಂದ್ರದ ಬಾಗಿಲ ಪಕ್ಕ ಒಂದು ಬೋರ್ಡು, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಿಲ್ಲೆ. ಹೊರಗೆ ಹೋಗುವಾಗ ಕೆಂಪು ಮುಖ, ಒಳಗೆ ಬಂದಾಗ ಬಿಳಿ ಮುಖ. ಊಟದ ಹೊತ್ತಿಗೂ ಕೆಂಪು ಉಳಿದಿದ್ದರೆ ಮೂವರು ಹಗ್ಗ ಕಟ್ಟಿಕೊಂಡು ಹುಡುಕಲು ಹೊರಡಬೇಕು. ನಾನು ಗಾಳಿ ಏಳುವ ಮೊದಲೇ ಒಳಗೆ ಬಂದಿದ್ದೆ. ಬೂಟು ಕಳಚಿದೆ; ಬಿಲ್ಲೆ ತಿರುಗಿಸಲಿಲ್ಲ. ಇಡೀ ಕೇಂದ್ರದಲ್ಲಿ ಅತಿ ಬೆಚ್ಚಗಿದ್ದ ಜಾಗವೆಂದರೆ ಜನರೇಟರ್ ಕೋಣೆ. ಅಲ್ಲಿನ ಬೆಂಚಿನ ಮೇಲೆ ನಿದ್ದೆ ಹೋದೆ. ಆ ಸದ್ದಿನಲ್ಲಿ ಯಾರು ಕೂಗಿದರೂ ಕೇಳದು.

ಇಷ್ಟನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆ ದಿನದ ನನ್ನ ಡೈರಿಯಲ್ಲಿರುವುದು ಎರಡೇ ಮಾತು: 'ಗಾಳಿ ಜೋರು. ತಲೆನೋವು.' ಬರೆಯದೆ ಬಿಟ್ಟದ್ದು ಎಲ್ಲಿ ಮರೆವಾಯಿತು, ಎಲ್ಲಿ ಸಾಹಸವಾಯಿತು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಅನುಕೂಲಕರವೇ.

ಚಹಾದ ಮೇಜಿನ ಬಳಿ ಅದನ್ನೇ ಆ ಅಡುಗೆಯವರಿಗೆ ಹೇಳಿದೆ. "ಅಷ್ಟು ವರ್ಷವಾಯಿತು, ಸರಿಯಾಗಿ ನೆನಪಿಲ್ಲ."

"ನೆನಪಿಲ್ಲದವರಿಗೆ ಗಾಳಿಯ ಸ್ಪೀಡ್ ಮಾತ್ರ ನೆನಪುಂಟಾ ಮಾರಾಯ್ರೆ?"

ಮಗಳು ನಕ್ಕಳು.

"ಬಯ್ಲಿಕ್ಕೆ ಬಂದದ್ದಲ್ಲ," ಎಂದರು ಅವರು. "ನಿಮ್ಮ ಭಾಷಣ ಉಂಟು ಅಂತ ವಾಟ್ಸಾಪಿನಲ್ಲಿ ಬಂತು. ನನ್ನ ಸುದ್ದಿ ಎಲ್ಲಿ ಬರ್ತದೆ ನೋಡುವ ಅಂತ ಬಂದೆ. ಬರ್ಲೇ ಇಲ್ಲ." ಬಲಗೈಯ ತೋರುಬೆರಳನ್ನು ಬಿಸಿ ಲೋಟಕ್ಕೆ ಒತ್ತಿ ಹಿಡಿದರು. "ಜನರೇಟರ್ ಕೋಣೆಯ ಬೆಂಚಿನಲ್ಲಿ ನೀವು ಸಿಕ್ಕಿದ್ರಲ್ಲ, ಅವತ್ತಿನಿಂದ ಇದಕ್ಕೆ ಬಿಸಿ ಗೊತ್ತಾಗುದಿಲ್ಲ, ಹೊರಗಿನ ಹಿಮ ತಿಂದದ್ದು. ಅಡುಗೆಯವನಿಗೆ ಒಳ್ಳೇದೇ ಬಿಡಿ."

ಮಗಳು ಆ ಬೆರಳು ನೋಡಿದಳು, ನನ್ನನ್ನು ನೋಡಿದಳು.

"ಪಪ್ಪಾ, ಸೋ ಯು ವರ್ ಸ್ಲೀಪಿಂಗ್?"

ಹಿಮಗಾಳಿ, ನೆನಪಿನ ಸ್ವಭಾವ, ಮನುಷ್ಯನ ಮನಸ್ಸು, ಇವುಗಳ ಬಗ್ಗೆ ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು. ಓದಿದವನಲ್ಲವೇ. ಅವರು ಚಹಾ ಆರಿಸುತ್ತಿದ್ದರು. ನಾನು ಸುಳ್ಳು ಹೇಳಿದರೆ ತಡೆಯುವವರಂತೆಯೂ ಕಾಣಲಿಲ್ಲ.

"ಹೌದು. ಬೆಂಚಿನ ಮೇಲೆ," ಎಂದೆ. "ನನ್ನನ್ನು ಹುಡುಕಲು ಹೋದ ಮೂವರಲ್ಲಿ ಇವರೂ ಒಬ್ಬರು."

ಅವಳು ನನ್ನ ಪಕ್ಕದಿಂದ ಎದ್ದು ಅವರ ಪಕ್ಕದ ಕುರ್ಚಿಗೆ ಹೋದಳು. "ಅಂಕಲ್, ಟೆಲ್ ಮಿ ಫ್ರಮ್ ದ ಬಿಗಿನಿಂಗ್."

"ಗಾಳಿ ಇತ್ತು ಮಗಾ, ನಿನ್ನ ಪಪ್ಪ ಹೇಳಿದಷ್ಟೇನೂ ಇರ್ಲಿಲ್ಲ," ಎಂದು ಅವರು ಲೋಟವನ್ನು ನನ್ನ ಕೈಗೆ ಕೊಟ್ಟು ಶುರು ಮಾಡಿದರು. ಲೋಟ ಸುಡುತ್ತಿತ್ತು. ಇಡಲು ಮೇಜಿನ ಮೇಲೆ ಜಾಗವೇನೋ ಇತ್ತು, ಹಿಡಿದುಕೊಂಡೇ ನಿಂತೆ. ಮಗಳು ಒಮ್ಮೆಯೂ ಫೋನ್ ನೋಡಲಿಲ್ಲ.